ನಾಯಿ, ಬೆಕ್ಕು ತರುವ ಮುಂಚೆ: ಯಾವ ತಳಿಗೆ ಯಾವ ಕಾಯಿಲೆ ಜಾಸ್ತಿ?

ಯಲಹಂಕದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಸಾಕುಪ್ರಾಣಿ ತರುವ ಮಾತು ನಡೆಯುತ್ತಿದೆ. ನಾವಿರುವುದು ಮೂರನೇ ಮಹಡಿಯ ಫ್ಲ್ಯಾಟ್. ನಾನು, ಯಜಮಾನರು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಹಗಲು ಹೊತ್ತು ಅತ್ತೆ ಮನೆಯಲ್ಲಿ ಇರುತ್ತಾರೆ. ಮಗನಿಗೆ ಪಗ್ ಬೇಕು, ಮಗಳಿಗೆ ಪರ್ಷಿಯನ್ ಬೆಕ್ಕು ಬೇಕು, ಯಜಮಾನರಿಗೆ ಲ್ಯಾಬ್ರಡಾರ್ ಅಂದ್ರೆ ಪ್ರಾಣ. ಮಾರುವವರನ್ನು ಕೇಳಿದರೆ ಯಾವ ತಳಿಗೂ ಏನೂ ತೊಂದರೆ ಇಲ್ಲ, ಆರಾಮಾಗಿ ಸಾಕಬಹುದು ಅಂತಾರೆ. ಸಾಕಿದವರ ಬಾಯಲ್ಲಿ ಕೇಳೋಣ ಅಂತ ಇಲ್ಲಿ ಬರೆಯುತ್ತಿದ್ದೇನೆ. ಯಾವ ತಳಿಗೆ ಯಾವ ಕಾಯಿಲೆ ಬರುತ್ತದೆ? ತರುವಾಗ ಏನು ನೋಡಬೇಕು?

ನಿವೃತ್ತ ಪಶುವೈದ್ಯ, ದಾವಣಗೆರೆ

ಮೇಡಂ, ತರುವ ಮುಂಚೆಯೇ ಕೇಳಿದಿರಲ್ಲ, ಬಹಳ ಒಳ್ಳೆಯದಾಯಿತು. ಹೆಚ್ಚಿನವರು ಮರಿ ಮನೆಗೆ ಬಂದು, ಮಕ್ಕಳು ಅದಕ್ಕೆ ಹೆಸರಿಟ್ಟು ಮುದ್ದಾಡಿದ ಮೇಲೆ ಕೇಳುತ್ತಾರೆ. ಅಷ್ಟು ಹೊತ್ತಿಗೆ ನಾವು ಏನು ಹೇಳಿದರೂ ಉಪಯೋಗವಿಲ್ಲ.

ಕಾಯಿಲೆಗಳಲ್ಲಿ ಕೆಲವು ಊರಿನವು. ಪಾರ್ವೊ, ಡಿಸ್ಟೆಂಪರ್ ಅನ್ನುವ ವೈರಸ್ ಕಾಯಿಲೆಗಳು, ಉಣ್ಣಿಯಿಂದ ಬರುವ ಟಿಕ್ ಫೀವರ್, ರೇಬೀಸ್ ಇವೆಲ್ಲ ತಳಿ ನೋಡಿ ಬರುವುದಿಲ್ಲ. ಇನ್ನು ಕೆಲವು ಮೈಕಟ್ಟಿನ ಜೊತೆಯಲ್ಲೇ ಹುಟ್ಟುತ್ತವೆ. ನಾವು ಮುದ್ದಾಗಿದೆ ಅಂತ ಆರಿಸುವ ರೂಪವೇ ಎಷ್ಟೋ ಸಲ ಆ ಪ್ರಾಣಿಯ ಕಾಯಿಲೆ. ಇದನ್ನು ಮಕ್ಕಳಿಗೆ ಬಿಡಿಸಿ ಹೇಳಿ. ಅವರಿಗೆ ಅರ್ಥವಾಗುತ್ತದೆ.

ಪಗ್ ವಿಷಯಕ್ಕೆ ಬರುತ್ತೇನೆ. 2003ರಲ್ಲಿ ಹಚ್ ಮೊಬೈಲ್ ಜಾಹೀರಾತು ಬಂದ ಮೇಲೆ ನಮ್ಮ ದೇಶದಲ್ಲಿ ಇದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಪಗ್‌ನ ಮೂತಿಯ ಎಲುಬು ಮೋಟಾಯಿತು, ಒಳಗಿನ ಮಾಂಸ ಮಾತ್ರ ಅಷ್ಟೇ ಉಳಿಯಿತು. ಅಂಗುಳಿನ ಹಿಂಭಾಗ ಉದ್ದವಾಗಿ ಗಂಟಲಿಗೆ ಜೋತು ಬೀಳುತ್ತದೆ. ಮೂಗಿನ ಹೊಳ್ಳೆ ಕಿರಿದಾಗಿರುತ್ತದೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ತೇಕಿಯೇ ಅದು ಮೈ ತಣಿಸಿಕೊಳ್ಳಬೇಕು. ಗಾಳಿಯ ದಾರಿಯೇ ಮುಚ್ಚಿದ್ದರೆ ತೇಕಿ ಏನು ಬಂತು? ಏಪ್ರಿಲ್ ಬಿಸಿಲಲ್ಲಿ ಮಧ್ಯಾಹ್ನ ಒಂದು ಸುತ್ತು ವಾಕಿಂಗ್ ಹೋಗಿ ಬಂದು ಕುಸಿದು ಬಿದ್ದ ಪಗ್‌ಗಳನ್ನು ಟೇಬಲ್ ಮೇಲೆ ನೋಡಿದ್ದೇನೆ. ನಾಲಿಗೆ ನೀಲಿಯಾಗಿರುತ್ತದೆ, ಮೈ ಕಾದಿರುತ್ತದೆ. ಕೆಲವು ಉಳಿಯುತ್ತವೆ, ಕೆಲವು ಉಳಿಯುವುದಿಲ್ಲ.

ಗೊರಕೆ ಹೊಡೆಯುತ್ತದೆ, ಎಷ್ಟು ಮುದ್ದು ಅಂತಾರಲ್ಲ, ಅದು ಉಸಿರು ಕಟ್ಟುವ ಸದ್ದು. ಮರಿ ನೋಡಲು ಹೋದಾಗ ಅದು ನಿದ್ದೆ ಮಾಡುವಾಗ ಹತ್ತಿರ ಕೂತು ಕೇಳಿ. ಹೊಳ್ಳೆ ದುಂಡಗೆ ತೆರೆದಿದೆಯಾ, ಸಣ್ಣ ಗೀರಿನಂತೆ ಮುಚ್ಚಿದೆಯಾ ನೋಡಿ. ಉಸಿರೆಳೆದಾಗ ಹೊಳ್ಳೆ ಒಳಕ್ಕೆ ಅಂಟಿಕೊಂಡರೆ ಆ ಮರಿ ಬೇಡ. ಹೊಳ್ಳೆ ಅಗಲ ಮಾಡುವ, ಅಂಗುಳು ಕತ್ತರಿಸುವ ಶಸ್ತ್ರಚಿಕಿತ್ಸೆ ಇದೆ. ಅದರಿಂದ ಉಸಿರಾಟ ಸುಧಾರಿಸುತ್ತದೆ, ಪೂರ್ತಿ ಸರಿ ಹೋಗುವುದಿಲ್ಲ. ಉಬ್ಬಿದ ಕಣ್ಣಿಗೆ ಗೀರು ಬಿದ್ದು ಹುಣ್ಣಾಗುವುದು, ಮುಖದ ಮಡಿಕೆಯಲ್ಲಿ ತೇವ ನಿಂತು ನಾತ ಬರುವುದು ಬೇರೆ.

ಮೈಸೂರು ಹುಡುಗ

ಸರ್, ಇಷ್ಟು ಹೆದರಿಸಬೇಡಿ. ನಮ್ಮ ದೊಡ್ಡಪ್ಪನ ಮನೆಯ ಪಗ್ ಹದಿಮೂರು ವರ್ಷ ಬದುಕಿತ್ತು. ಚೆನ್ನಾಗಿ ನೋಡಿಕೊಂಡರೆ ಯಾವ ತಳಿಯಾದರೂ ಬದುಕುತ್ತದೆ.

ನಿವೃತ್ತ ಪಶುವೈದ್ಯ, ದಾವಣಗೆರೆ

ಖಂಡಿತ ಬದುಕುತ್ತದಪ್ಪ. ನಿಮ್ಮ ದೊಡ್ಡಪ್ಪನವರು ತೂಕ ಏರದ ಹಾಗೆ ನೋಡಿಕೊಂಡಿರುತ್ತಾರೆ, ಬಿಸಿಲಿಗೆ ಬಿಟ್ಟಿರುವುದಿಲ್ಲ. ಪಗ್ ಮನೆಯಲ್ಲಿ ಇರುವವರೆಲ್ಲ ಅದನ್ನೇ ಮಾಡಬೇಕು. ಹೊಸದಾಗಿ ತರಲು ಹೊರಟವರಿಗೆ ಮಾತ್ರ ನಾನು ಬೇಡ ಅನ್ನುವುದು. ಬೇಡಿಕೆ ಇರುವ ತನಕ ಇನ್ನೂ ಚಪ್ಪಟೆ ಮುಖದ ಮರಿಗಳನ್ನು ಹುಟ್ಟಿಸುತ್ತಲೇ ಇರುತ್ತಾರೆ.

ನೆದರ್ಲೆಂಡ್ಸ್ ಕನ್ನಡಿಗ

ನಾನಿರುವ ದೇಶದಲ್ಲಿ ಇದಕ್ಕೆ ಕಾನೂನೇ ಇದೆ. 2019ರಿಂದ ಮೂತಿಯ ಉದ್ದದ ಮೇಲೆ ಅಳತೆ ಇಟ್ಟಿದ್ದಾರೆ. ತಲೆಯ ಉದ್ದದ ಮೂರನೇ ಒಂದು ಭಾಗಕ್ಕಿಂತ ಮೂತಿ ತೀರಾ ಚಿಕ್ಕದಿದ್ದರೆ ಆ ನಾಯಿಯಿಂದ ಮರಿ ಮಾಡಿಸುವಂತಿಲ್ಲ. ನಾರ್ವೆಯಲ್ಲೂ 2023ರಲ್ಲಿ ಸುಪ್ರೀಂ ಕೋರ್ಟು ಕ್ಯಾವಲಿಯರ್ ಸ್ಪ್ಯಾನಿಯಲ್ ತಳಿಯ ಬಗ್ಗೆ ಇಂಥದೇ ತೀರ್ಪು ಕೊಟ್ಟಿತು. ಆ ತಳಿಗೆ ಹೃದಯದ ಕವಾಟದ ತೊಂದರೆ, ತಲೆಬುರುಡೆ ಚಿಕ್ಕದಾಗಿ ಮಿದುಳು ಒತ್ತಿಕೊಳ್ಳುವ ತೊಂದರೆ ಎರಡೂ ಇವೆ. ಇಲ್ಲಿನ ಜನರಿಗೂ ಪಗ್ ಮೇಲೆ ಪ್ರೀತಿ ಕಡಿಮೆ ಏನಿಲ್ಲ. ಪ್ರೀತಿ ಇರುವುದಕ್ಕೇ ಈ ನಿಯಮ ಅನ್ನುವುದು ನನ್ನ ಭಾವನೆ.

ಹಾಸನದ ಲ್ಯಾಬ್ ಮನೆ

ಅಕ್ಕ, ಲ್ಯಾಬ್ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲಿ ಈಗಿರುವುದು ಎರಡನೇ ಲ್ಯಾಬ್. ಇದರಷ್ಟು ಒಳ್ಳೆ ಸ್ವಭಾವದ ನಾಯಿ ಸಿಗುವುದು ಕಷ್ಟ. ಸೊಂಟ ಮತ್ತು ಹೊಟ್ಟೆ, ಇವೆರಡನ್ನು ಕಾಯಬೇಕು.

ಸೊಂಟ ಅಂದರೆ ಹಿಪ್ ಡಿಸ್‌ಪ್ಲೇಸಿಯಾ. ತೊಡೆ ಮೂಳೆಯ ಗುಂಡು ಸೊಂಟದ ಗುಳಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಸಡಿಲವಾಗಿ ಉಜ್ಜಿ ಉಜ್ಜಿ ಕೀಲು ಸವೆಯುತ್ತದೆ. ಜರ್ಮನ್ ಶೆಫರ್ಡ್, ರಾಟ್‌ವೈಲರ್, ಗೋಲ್ಡನ್ ರಿಟ್ರೀವರ್ ಎಲ್ಲಕ್ಕೂ ಇದೆ. ಓಡುವಾಗ ಹಿಂಗಾಲು ಎರಡನ್ನೂ ಒಟ್ಟಿಗೆ ಎತ್ತಿ ಕುಪ್ಪಳಿಸುವುದು, ಮಲಗಿದಲ್ಲಿಂದ ಏಳಲು ತಡವರಿಸುವುದು, ಮೆಟ್ಟಿಲ ಹತ್ತಿರ ಬಂದು ಸುಮ್ನೆ ನಿಂತುಬಿಡುವುದು, ಇವು ಕಂಡರೆ ಎಕ್ಸ್‌ರೇ ಮಾಡಿಸಿ. ಇದು ವಂಶದಲ್ಲಿ ಬರುವುದರಿಂದ ಅಪ್ಪ ಅಮ್ಮ ನಾಯಿಗಳ ಸೊಂಟದ ಎಕ್ಸ್‌ರೇ ತೋರಿಸಿ ಅಂತ ಮಾರುವವರನ್ನು ಕೇಳಬೇಕು. ಕೇಳಿದ ತಕ್ಷಣ ಮುಖ ಸಿಂಡರಿಸಿದರೆ ಅಲ್ಲಿಂದ ಹೊರಡಿ.

ಫ್ಲ್ಯಾಟಿನ ನುಣುಪು ಟೈಲ್ಸ್ ಲ್ಯಾಬ್ ಮರಿಗೆ ಒಳ್ಳೆಯದಲ್ಲ. ಕಾಲು ಜಾರಿ ಜಾರಿ ಕೀಲಿನ ಮೇಲೆ ಭಾರ ಬೀಳುತ್ತದೆ. ಓಡಾಡುವ ಜಾಗದಲ್ಲಿ ರಬ್ಬರ್ ಚಾಪೆ ಹಾಸಿ. ಲಿಫ್ಟ್ ಇದೆಯಾ? ಇಲ್ಲದಿದ್ದರೆ ಮೂರು ಮಹಡಿ ಮೆಟ್ಟಿಲನ್ನು ಬೆಳೆಯುವ ಮರಿ ದಿನಾ ಹತ್ತಿ ಇಳಿಯುವುದು ಬೇಡ.

ಇನ್ನೊಂದು ಮುಖ್ಯ ವಿಷಯ. ದೊಡ್ಡ ತಳಿಯ ಮರಿಗೆ ಮೂಳೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಟಾನಿಕ್ ಕೊಡುವ ರೂಢಿ ನಮ್ಮಲ್ಲಿ ಜಾಸ್ತಿ. ಒಳ್ಳೆ ಪಪ್ಪಿ ಫುಡ್ ತಿನ್ನುವ ಮರಿಗೆ ಅದು ಬೇಕಾಗಿಲ್ಲ. ಹೆಚ್ಚಾದರೆ ಮೂಳೆ, ಕೀಲು ಬೆಳೆಯುವ ರೀತಿಯೇ ಕೆಡುತ್ತದೆ. ಡಾಕ್ಟರ್ ಬರೆದುಕೊಟ್ಟರೆ ಮಾತ್ರ ಕೊಡಿ.

ಹೊಟ್ಟೆಯ ಕಥೆ ಇನ್ನೂ ದೊಡ್ಡದು. 2016ರಲ್ಲಿ ಕೇಂಬ್ರಿಡ್ಜ್‌ನವರು ಕಂಡುಹಿಡಿದ ಪ್ರಕಾರ, ಸುಮಾರು ನಾಲ್ಕರಲ್ಲಿ ಒಂದು ಲ್ಯಾಬ್‌ಗೆ ಹಸಿವನ್ನು ಹಿಡಿತದಲ್ಲಿಡುವ ಒಂದು ಜೀನ್‌ನ ತುಣುಕೇ ಇರುವುದಿಲ್ಲ. ಅದರ ಹೆಸರು ಪಿಒಎಂಸಿ. ಹಾಗಾಗಿ ಊಟ ಆದ ಮೇಲೂ ಅದು ಹಸಿದವರ ಹಾಗೆ ನೋಡುತ್ತದೆ. ಮನೆಯಲ್ಲಿ ಅತ್ತೆ ಇದ್ದಾರೆ ಅಂದಿರಿ. ಅಜ್ಜಿಯರಿಗೆ ಆ ಕಣ್ಣು ನೋಡಿ ಕರುಳು ಚುರ್ ಅನ್ನುತ್ತದೆ. ಒಂದು ಚಪಾತಿ, ಎರಡು ಬಿಸ್ಕತ್ತು ಹೋಗುತ್ತಲೇ ಇರುತ್ತದೆ. 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 48 ಲ್ಯಾಬ್‌ಗಳನ್ನು ಜೀವನಪೂರ್ತಿ ಗಮನಿಸಿದ್ದರು. ಕಾಲುಭಾಗ ಕಡಿಮೆ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು. ಕೀಲುನೋವೂ ತಡವಾಗಿ ಬಂತು. ಪಕ್ಕೆಯ ಮೇಲೆ ಕೈಯಾಡಿಸಿದರೆ ಎಲುಬು ಕೈಗೆ ಸಿಗಬೇಕು. ಸಿಗದಿದ್ದರೆ ತೂಕ ಜಾಸ್ತಿ ಆಗಿದೆ ಅಂತಲೇ ಅರ್ಥ.

ಯಲಹಂಕದ ಅಮ್ಮ

ಲಿಫ್ಟ್ ಇದೆ. ಅತ್ತೆಯ ವಿಷಯ ಮಾತ್ರ ನಿಜ! ಹಾಗಾದರೆ ಚಿಕ್ಕ ತಳಿ ಯಾವುದು ಒಳ್ಳೆಯದು? ನಾವು ಚಿಕ್ಕವರಿದ್ದಾಗ ಎಲ್ಲರ ಮನೆಯಲ್ಲೂ ಬಿಳಿ ಪಮೇರಿಯನ್ ಇರುತ್ತಿತ್ತು. ಡ್ಯಾಶ್‌ಹುಂಡ್ ಕೂಡ ನೋಡಿದ್ದೇವೆ.

ಶಿವಮೊಗ್ಗದ ಪಮ್ಮಿ ಪ್ರೇಮಿ

ಆಗ ಎಲ್ಲರ ಮನೆಯಲ್ಲಿ ಇದ್ದದ್ದು ಹೆಚ್ಚಿನವು ಇಂಡಿಯನ್ ಸ್ಪಿಟ್ಜ್. ಪಮೇರಿಯನ್ ಅಂತ ನಾವು ಕರೆಯುತ್ತಿದ್ದೆವು ಅಷ್ಟೇ. ಅದು ನಮ್ಮ ಸೆಕೆಗೆ ಒಗ್ಗಿಕೊಂಡ ಗಟ್ಟಿ ನಾಯಿ. ಅಪಾರ್ಟ್‌ಮೆಂಟಿಗೂ ಸರಿ. ಬೊಗಳುವುದು ಜಾಸ್ತಿ, ಅದನ್ನು ಮೊದಲೇ ತಿಳಿದಿರಿ. ಈಗ ಟಾಯ್ ಪಮೇರಿಯನ್ ಅಂತ ಮಾರುವ ಪುಟಾಣಿಗಳೇ ಬೇರೆ. ಅವಕ್ಕೆ ಶ್ವಾಸನಾಳ ಕುಸಿಯುವ ತೊಂದರೆ ಇದೆ. ಖುಷಿಯಾದಾಗ ಬಾತುಕೋಳಿ ಕೂಗಿದ ಹಾಗೆ ಕೆಮ್ಮುತ್ತದೆ. ಕತ್ತಿಗೆ ಬೆಲ್ಟ್ ಹಾಕಿ ಎಳೆಯಬಾರದು, ಎದೆಗೆ ಹಾಕುವ ಹಾರ್ನೆಸ್ ಬೇಕು. ಮೊಣಕಾಲಿನ ಚಿಪ್ಪು ಪಕ್ಕಕ್ಕೆ ಸರಿಯುವುದೂ ಇವುಗಳಲ್ಲಿ ಸಾಮಾನ್ಯ. ನಡೆಯುತ್ತಾ ನಡೆಯುತ್ತಾ ಒಂದು ಕಾಲು ಎತ್ತಿ ಎರಡು ಹೆಜ್ಜೆ ಕುಂಟಿ ಮತ್ತೆ ಸರಿಯಾಗುತ್ತದೆ ನೋಡಿ, ಅದೇ. ಹಲ್ಲು ಬೇಗ ಕೊಳೆಯುತ್ತದೆ. ಚಿಕ್ಕಂದಿನಿಂದಲೇ ಬ್ರಷ್ ಅಭ್ಯಾಸ ಮಾಡಿಸಿ.

ಡ್ಯಾಶ್‌ಹುಂಡ್‌ಗೆ ಬೆನ್ನು. ಕಾಲು ಗಿಡ್ಡ ಮಾಡಿದ ಜೀನೇ ಬೆನ್ನುಮೂಳೆಯ ನಡುವಿನ ಡಿಸ್ಕ್‌ಗಳನ್ನೂ ಬೇಗ ಗಡುಸು ಮಾಡುತ್ತದೆ. ಸೋಫಾದಿಂದ ಧುಮುಕಿದ ದಿನ ಡಿಸ್ಕ್ ಒಡೆದು ನರ ಒತ್ತಿಕೊಂಡು ಹಿಂಗಾಲಿನ ಸ್ವಾಧೀನ ತಪ್ಪಬಹುದು. ಹಿಂಗಾಲು ಎಳೆದರೆ ಬೆಳಗಾಗಲಿ ಅಂತ ಕಾಯಬಾರದು. ಆವತ್ತೇ ಹೋಗಬೇಕು.

ಮುಧೋಳ ಕಡೆಯವ

ಅಕ್ಕಾರ, ನಮ್ಮ ಕಡೆ ನಾಯಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತೇನೆ. ಮುಧೋಳ ಹೌಂಡ್ 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ. ಭಾರತೀಯ ಸೇನೆಯೂ ತರಬೇತಿಗೆ ತೆಗೆದುಕೊಂಡಿದೆ. ಮುಧೋಳ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವೇ ಇದೆ. ಮುಖ ಚಪ್ಪಟೆ ಇಲ್ಲ, ಬೆನ್ನು ಉದ್ದ ಇಲ್ಲ, ಮೈಮೇಲೆ ರಾಶಿ ಕೂದಲಿಲ್ಲ. ಬಿಸಿಲು ತಡೆಯುತ್ತದೆ.

ಆದರೆ ನಿಮ್ಮ ಫ್ಲ್ಯಾಟಿಗೆ ಇದನ್ನು ತರಬೇಡಿ. ನನಗೆ ಈ ತಳಿ ಮೇಲೆ ಜೀವ, ಅದಕ್ಕೇ ಹೇಳುತ್ತಿದ್ದೇನೆ. ಓಡಲಿಕ್ಕೆ ಹುಟ್ಟಿದ ನಾಯಿ ಇದು. ಕಟ್ಟಿ ಹಾಕಿದರೆ ಮಂಕಾಗುತ್ತದೆ, ಇಲ್ಲವೇ ರೇಗುತ್ತದೆ. ಹೊಲ, ತೋಟ ಇರುವವರು ಸಾಕಲಿ. ಸಾಕುವವರು ಒಂದು ಮಾತು ನೆನಪಿಡಿ. ಮೈಯಲ್ಲಿ ಕೊಬ್ಬು ಬಹಳ ಕಡಿಮೆ. ಹಾಗಾಗಿ ಆಪರೇಷನ್ ಸಮಯದಲ್ಲಿ ಕೆಲವು ಅರಿವಳಿಕೆ ಔಷಧಿ, ಮುಖ್ಯವಾಗಿ ಥಯೋಪೆಂಟಾಲ್, ಇಂಥ ಬೇಟೆನಾಯಿಗಳ ಮೈಯಿಂದ ಇಳಿಯಲು ಬಹಳ ಹೊತ್ತು ಹಿಡಿಯುತ್ತದೆ. ಡಾಕ್ಟರಿಗೆ ತಳಿ ಹೇಳಿ, ಬೇರೆ ಔಷಧಿ ಬಳಸಲಿಕ್ಕೆ ಕೇಳಿ. ಎದೆ ಆಳ ಇರುವುದರಿಂದ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವೂ ಇದೆ. ಗ್ರೇಟ್ ಡೇನ್, ಶೆಫರ್ಡ್, ಡಾಬರ್‌ಮನ್‌ಗೂ ಇದು ಬರುತ್ತದೆ. ಊಟ ಹಾಕಿದ ಕೂಡಲೇ ಓಡಿಸಬೇಡಿ. ಹೊಟ್ಟೆ ಡೊಳ್ಳಾಗಿ, ವಾಂತಿ ಮಾಡಲು ಹೋದರೂ ಏನೂ ಬರದೆ ಒದ್ದಾಡುತ್ತಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಅದರಲ್ಲಿ ತಾಸುಗಳ ಲೆಕ್ಕ.

ತುಮಕೂರು ಇಂಡಿ ತಂಡ

ಬೀದಿಯಲ್ಲಿ ಹುಟ್ಟಿದ ನಮ್ಮ ನಾಡ ನಾಯಿಯನ್ನೂ ಒಮ್ಮೆ ಯೋಚಿಸಿ ಮೇಡಂ, ಇದನ್ನೇ ಇಂಡಿ ಅನ್ನುವುದು. ಯಾರೂ ರೂಪ ನೋಡಿ ಕೂಡಿಸಿದ ನಾಯಿ ಅಲ್ಲ ಇದು. ಹಾಗಾಗಿ ಮೇಲೆ ಹೇಳಿದ ವಂಶದ ಕಾಯಿಲೆಗಳು ಇದರಲ್ಲಿ ಕಡಿಮೆ. ಆದರೆ ಇಂಡಿಗೆ ಏನೂ ಬರುವುದಿಲ್ಲ ಅಂತ ಲಸಿಕೆ ಬಿಡುವವರಿದ್ದಾರೆ, ಅದು ತಪ್ಪು. ಪಾರ್ವೊ, ಡಿಸ್ಟೆಂಪರ್ ಎರಡೂ ಈ ಮರಿಗಳನ್ನು ರಾಶಿ ರಾಶಿಯಾಗಿ ಕೊಲ್ಲುತ್ತವೆ. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ಹದಿನಾರು ವಾರ ತುಂಬುವ ತನಕ. ರೇಬೀಸ್ ಮೂರು ತಿಂಗಳ ಸುಮಾರಿಗೆ. ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಮನೆಯಲ್ಲಿ ಪಾರ್ವೊದಿಂದ ಮರಿ ಸತ್ತಿದ್ದರೆ ಕೂಡಲೇ ಇನ್ನೊಂದನ್ನು ತರಬೇಡಿ. ಫಿನೈಲ್ ಹಾಕಿ ಒರೆಸಿದರೆ ಅದು ಸಾಯುವುದಿಲ್ಲ, ಬ್ಲೀಚ್ ಬೇಕು.

ಇನ್ನು ಟಿಕ್ ಫೀವರ್. ನಮ್ಮ ಕಡೆ ಯಾವ ತಳಿಯ ನಾಯಿಗಾದರೂ ಮೊದಲು ಹೆದರಬೇಕಾದ್ದು ಇದಕ್ಕೆ. ಉಣ್ಣಿ ಕಚ್ಚಿದಾಗ ಎರ್ಲಿಕಿಯಾ, ಬಬೇಸಿಯಾ ಅನ್ನುವ ಜೀವಿಗಳು ರಕ್ತಕ್ಕೆ ಸೇರುತ್ತವೆ. ಊಟ ಬಿಡುವುದು, ಜ್ವರ, ಮಂಕು. ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಇರಬೇಕಾದ ಒಸಡು ಬಿಳಿಚಿಕೊಂಡಿದ್ದರೆ, ಮೂತ್ರ ಕಾಫಿ ಬಣ್ಣಕ್ಕಿದ್ದರೆ, ಮೂಗಲ್ಲಿ ರಕ್ತ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಸ್ವಲ್ಪ ದಿನದಲ್ಲಿ ನಾಯಿ ಎದ್ದು ಓಡಾಡುತ್ತದೆ, ಆಗ ಮಾತ್ರೆ ನಿಲ್ಲಿಸಬಾರದು. ಬಬೇಸಿಯಾಗೆ ಔಷಧಿಯೇ ಬೇರೆ. ಅದಕ್ಕೇ ಪರೀಕ್ಷೆ ಇಲ್ಲದೆ ಅಂದಾಜಿನಲ್ಲಿ ಮಾತ್ರೆ ಬೇಡ ಅನ್ನುವುದು.

ಉಣ್ಣಿ ಹುಡುಕುವಾಗ ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ, ಬಾಲದ ಬುಡದಲ್ಲಿ ನೋಡಿ. ನಾಯಿ ಮೈ ಬಿಟ್ಟ ಉಣ್ಣಿ ಗೋಡೆಯ ಬಿರುಕಲ್ಲಿ ಹೋಗಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗೆ ಮಾತ್ರ ಔಷಧಿ ಹಾಕಿ ಗೋಡೆ, ಮಂಚದ ಸಂದಿ ಬಿಟ್ಟರೆ ಮತ್ತೆ ಬರುತ್ತದೆ.

ಕೋಲಾರದ ಓದುಗ

ಉಣ್ಣಿಗೆ ಐವರ್‌ಮೆಕ್ಟಿನ್ ಇಂಜೆಕ್ಷನ್ ಅಗ್ಗ ಅಂತಾರೆ, ಹಾಕಿಸಬಹುದಾ? ನಮ್ಮದು ರಫ್ ಕೋಲಿ.

ನಿವೃತ್ತ ಪಶುವೈದ್ಯ, ದಾವಣಗೆರೆ

ಬೇಡವೇ ಬೇಡ. ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಕೋಲಿ ತಳಿಯ ಬಹಳಷ್ಟು ನಾಯಿಗಳಲ್ಲಿ ಎಂಡಿಆರ್1 ಅನ್ನುವ ಜೀನ್ ಕೆಟ್ಟಿರುತ್ತದೆ. ಕೆಲವು ಔಷಧಿಗಳು ಮಿದುಳಿಗೆ ಸೇರದಂತೆ ತಡೆಯುವುದು ಆ ಜೀನ್‌ನ ಕೆಲಸ. ಅದು ಕೆಟ್ಟಿದ್ದರೆ ಐವರ್‌ಮೆಕ್ಟಿನ್ ಮಿದುಳಿಗೆ ನುಗ್ಗಿ ನಾಯಿ ತೂರಾಡುತ್ತದೆ, ಕಣ್ಣು ಕಾಣದಂತಾಗುತ್ತದೆ, ಕೋಮಾಗೂ ಹೋಗಬಹುದು. ಆಸ್ಟ್ರೇಲಿಯನ್ ಶೆಫರ್ಡ್‌ನಲ್ಲೂ ಇದು ಜಾಸ್ತಿ. ದನಕ್ಕೆ ತಂದಿಟ್ಟ ಔಷಧಿಯನ್ನೇ ನಾಯಿಗೂ ಚುಚ್ಚುವ ಕಡೆ ಇಂಥ ಸಾವು ಆಗುತ್ತದೆ. ಈಗ ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಅಗಿಯುವ ಮಾತ್ರೆಗಳಿವೆ, ಉಣ್ಣಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಫಿಟ್ಸ್ ಇರುವ ನಾಯಿ ಆದರೆ ಅದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಮನೆಯಲ್ಲಿ ಬೆಕ್ಕೂ ಇದ್ದರೆ ಇನ್ನೊಂದು ಎಚ್ಚರಿಕೆ. ನಾಯಿಯ ಬೆನ್ನಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿ ಬೆಕ್ಕಿಗೆ ವಿಷ. ಪ್ಯಾರಾಸಿಟಮಾಲ್ ಕೂಡ ಹಾಗೆಯೇ. ಒಂದು ಮಾತ್ರೆ ಸಾಕು ಬೆಕ್ಕಿನ ಜೀವ ತೆಗೆಯಲು.

ಮಂಗಳೂರು ಬೆಕ್ಕಿನ ಮನೆ

ಬೆಕ್ಕಿನ ಮಾತು ಬಂತಲ್ಲ, ಪರ್ಷಿಯನ್ ಬಗ್ಗೆ ನಾನು ಹೇಳುತ್ತೇನೆ. ಮಾರುವವರು ಡಾಲ್ ಫೇಸ್, ಸೆಮಿ ಪಂಚ್, ಪಂಚ್ ಫೇಸ್ ಅಂತ ಮೂರು ರೇಟು ಹೇಳುತ್ತಾರೆ. ಮುಖ ಚಪ್ಪಟೆಯಾದಷ್ಟೂ ಬೆಲೆ ಜಾಸ್ತಿ, ತೊಂದರೆಯೂ ಜಾಸ್ತಿ. ಕಣ್ಣೀರಿನ ನಾಳ ಸೊಟ್ಟಗಾಗಿ ನೀರು ಮೂಗಿಗೆ ಇಳಿಯದೆ ಮುಖದ ಮೇಲೆ ಹರಿಯುತ್ತದೆ. ದಿನಾ ಒರೆಸಬೇಕು. ಪರ್ಷಿಯನ್ನೇ ಬೇಕು ಅಂದರೆ ಮುಖ ಅಷ್ಟು ಚಪ್ಪಟೆ ಇರದ ಡಾಲ್ ಫೇಸ್ ನೋಡಿ.

ಇದಕ್ಕಿಂತ ದೊಡ್ಡದು ಕಿಡ್ನಿ. ಪಿಕೆಡಿ ಅಂತಾರೆ. ಹುಟ್ಟುವಾಗಲೇ ಕಿಡ್ನಿಯಲ್ಲಿ ನೀರುಗುಳ್ಳೆಗಳಿರುತ್ತವೆ, ವರ್ಷ ಕಳೆದಂತೆ ದೊಡ್ಡದಾಗಿ ಕಿಡ್ನಿ ತಿನ್ನುತ್ತವೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗಿದ್ದರೂ ಸಾಕು, ಅರ್ಧದಷ್ಟು ಮರಿಗಳಿಗೆ ಬರಬಹುದು. ಬೇರೆ ಬೇರೆ ದೇಶಗಳಲ್ಲಿ ನೋಡಿದಾಗ ಮೂರರಲ್ಲಿ ಒಂದು ಪರ್ಷಿಯನ್‌ಗೂ ಹೆಚ್ಚು ಕಡೆ ಕಂಡಿತ್ತು. ಇದಕ್ಕೆ ಜೀನ್ ಪರೀಕ್ಷೆ ಇದೆ. ಅದು ಆಗದಿದ್ದರೆ ತಾಯಿ ತಂದೆ ಬೆಕ್ಕುಗಳ ಹೊಟ್ಟೆಯ ಸ್ಕ್ಯಾನ್ ಕೇಳಿ, ಹತ್ತು ತಿಂಗಳು ದಾಟಿದ ಬೆಕ್ಕಲ್ಲಿ ಗುಳ್ಳೆ ಕಾಣುತ್ತದೆ.

ಉದ್ದ ಕೂದಲಿನ ಬೆಕ್ಕಿಗೆ ಹುಳುಕಡ್ಡಿ ಬೇಗ ಹತ್ತುತ್ತದೆ. ನಮ್ಮ ಕರಾವಳಿಯ ತೇವದಲ್ಲಂತೂ ಕೇಳಲೇಬೇಡಿ. ಅದು ಮಕ್ಕಳ ಕೈಗೂ ಅಂಟುತ್ತದೆ. ಮರಿ ತರುವಾಗ ಕಿವಿ, ಮೂತಿ, ಕಾಲಲ್ಲಿ ದುಂಡಗೆ ಕೂದಲು ಉದುರಿದ ಜಾಗ ಇದೆಯಾ ಹುಡುಕಿ.

ಮೇನ್ ಕೂನ್, ರ‍್ಯಾಗ್‌ಡಾಲ್ ಬೆಕ್ಕಿಗೆ ಹೃದಯದ ಗೋಡೆ ದಪ್ಪವಾಗುವ ಕಾಯಿಲೆ. ಅವುಗಳಿಗೂ ಜೀನ್ ಪರೀಕ್ಷೆ, ಎಕೋ ಅಂದರೆ ಹೃದಯದ ಸ್ಕ್ಯಾನ್ ಇದೆ. ಸ್ಕಾಟಿಷ್ ಫೋಲ್ಡ್ ಮಾತ್ರ ತರಲೇಬೇಡಿ. ಕಿವಿ ಮಡಿಚಿರುವುದೇ ಮೃದ್ವಸ್ಥಿಯ ದೋಷದಿಂದ. ಅದೇ ದೋಷ ಕಾಲು, ಬಾಲದ ಎಲ್ಲ ಕೀಲುಗಳಲ್ಲೂ ಇರುತ್ತದೆ. ಬೆಕ್ಕು ನೋವನ್ನು ತೋರಿಸುವುದಿಲ್ಲ, ಜಿಗಿಯುವುದನ್ನು ನಿಲ್ಲಿಸುತ್ತದೆ ಅಷ್ಟೇ. ಜನ ಅದನ್ನು ಶಾಂತ ಸ್ವಭಾವ ಅಂದುಕೊಳ್ಳುತ್ತಾರೆ.

ಯಲಹಂಕದ ಅಮ್ಮ

ನಮ್ಮದು ಸಸ್ಯಾಹಾರಿ ಮನೆ. ಬೆಕ್ಕಿಗೆ ಹಾಲು, ಮೊಸರನ್ನ ಹಾಕಿ ಸಾಕಬಹುದಲ್ವಾ?

ಮಂಗಳೂರು ಬೆಕ್ಕಿನ ಮನೆ

ಆಗುವುದಿಲ್ಲ ಅಕ್ಕ. ಟಾರಿನ್ ಅನ್ನುವ ಅಂಶ ಬೆಕ್ಕಿಗೆ ಮಾಂಸ, ಮೀನಿನಿಂದಲೇ ಸಿಗಬೇಕು. ಸಿಗದಿದ್ದರೆ ಕಣ್ಣು ಹೋಗುತ್ತದೆ, ಹೃದಯ ಸೋಲುತ್ತದೆ. ಮನೆಯಲ್ಲಿ ಮಾಂಸ ಬೇಯಿಸಲು ಆಗದಿದ್ದರೆ ಒಳ್ಳೆ ಕ್ಯಾಟ್ ಫುಡ್ ಇಡಿ. ಅದನ್ನೂ ಒಳಗೆ ಬಿಡುವುದಿಲ್ಲ ಅನ್ನುವ ಮನೆಯಾದರೆ ಬೆಕ್ಕು ಬೇಡ. ನಾಯಿ ಸಾಕಿ. ಸಮತೋಲನ ನೋಡಿಕೊಂಡರೆ ನಾಯಿಗೆ ಮಾಂಸ ಇಲ್ಲದ ಊಟ ಹೊಂದಿಸಬಹುದು. ಈರುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಮಾತ್ರ ದೂರ ಇಡಿ. ಪಾಯಸದಲ್ಲಿನ ದ್ರಾಕ್ಷಿಯೂ ಲೆಕ್ಕಕ್ಕೆ ಬರುತ್ತದೆ.

ಬೆಂಗಳೂರು ಉತ್ತರ

ಪೇಪರ್ ಬಗ್ಗೆ ಒಂದು ಮಾತು. ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಇದೆ ಅಂದರೆ ಅಪ್ಪ ಅಮ್ಮ ಯಾರು ಅಂತ ಗೊತ್ತಾಗುತ್ತದೆ, ಆರೋಗ್ಯ ಗೊತ್ತಾಗುವುದಿಲ್ಲ. 2017ರ ಶ್ವಾನ ತಳಿ ಮತ್ತು ಮಾರಾಟ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಮರಿ ಮಾಡಿಸುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ತಾಯಿಯನ್ನು ತೋರಿಸದೆ, ರಸ್ತೆ ಬದಿಗೋ ಮೆಟ್ರೋ ಸ್ಟೇಷನ್ ಹತ್ತಿರವೋ ಬುಟ್ಟಿಯಲ್ಲಿ ಮರಿ ತಂದುಕೊಡುತ್ತೇನೆ ಅನ್ನುವವರಿಂದ ತೆಗೆದುಕೊಳ್ಳಬೇಡಿ. ತಾಯಿ ಇರುವ ಜಾಗವನ್ನು ಕಣ್ಣಾರೆ ನೋಡಿ. ಮರಿಯನ್ನು ಮೊದಲ ದಿನವೇ ಡಾಕ್ಟರಿಗೆ ತೋರಿಸಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ನಿಮಗೆ ಹತ್ತಿರವೇ ಆಗುತ್ತದೆ.

ಹುಬ್ಬಳ್ಳಿ ಹುಲಿಮರಿ

ಚರ್ಚೆಯ ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನಮ್ಮ ಗಂಡು ಬೆಕ್ಕು ಬೆಳಗ್ಗೆಯಿಂದ ಮರಳಿನ ಟ್ರೇಗೆ ಹೋಗಿ ಹೋಗಿ ಕೂರುತ್ತಿದೆ. ಮಲಬದ್ಧತೆ ಇರಬೇಕು ಅಂತ ಪಕ್ಕದ ಮನೆಯವರು ಹರಳೆಣ್ಣೆ ಕೊಡಿ ಅಂದರು. ಕೊಡಬಹುದಾ?

ನಿವೃತ್ತ ಪಶುವೈದ್ಯ, ದಾವಣಗೆರೆ

ಏನೂ ಕೊಡಬೇಡಿ. ಟ್ರೇ ನೋಡಿ, ಮರಳು ಒದ್ದೆ ಆಗಿದೆಯಾ? ಆಗಿಲ್ಲದಿದ್ದರೆ ಅದು ಮೂತ್ರ ಕಟ್ಟಿರುವುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಣ್ಣದು, ಹರಳಿನ ಪುಡಿ ಸಿಕ್ಕಿಕೊಂಡರೆ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಪೊಟ್ಯಾಶಿಯಂ ಏರಿ ಒಂದೆರಡು ದಿನದಲ್ಲಿ ಹೃದಯ ನಿಲ್ಲಬಹುದು. ಹೊಟ್ಟೆ ಒತ್ತಿ ನೋಡಲು ಹೋಗಬೇಡಿ. ಈಗಲೇ ಹೊರಡಿ, ಹೋಗುವ ದಾರಿಯಲ್ಲಿ ಫೋನ್ ಮಾಡಿ ಹೇಳಿ.

ಹುಬ್ಬಳ್ಳಿ ಹುಲಿಮರಿ

ಸರ್, ಮರಳು ಒಣಗಿಯೇ ಇತ್ತು. ಹೋದೆವು. ಕ್ಯಾತಿಟರ್ ಹಾಕಿ ಮೂತ್ರ ತೆಗೆದರು, ಡ್ರಿಪ್ ಹಾಕಿದ್ದಾರೆ. ಎರಡು ಮೂರು ದಿನ ಅಲ್ಲೇ ಇಟ್ಟುಕೊಳ್ಳುತ್ತಾರಂತೆ. ಮನೆಗೆ ಬಂದ ಮೇಲೆ ಏನು ಮಾಡಬೇಕು?

ನಿವೃತ್ತ ಪಶುವೈದ್ಯ, ದಾವಣಗೆರೆ

ಸದ್ಯ, ಹೊತ್ತಿಗೆ ಸರಿಯಾಗಿ ಹೋದಿರಿ. ಇದು ಮತ್ತೆ ಬರುವ ಕಾಯಿಲೆ, ಮೊದಲ ವಾರ ಕಣ್ಣಿಟ್ಟಿರಿ. ಒಣ ಕಾಳಿನ ಊಟ ಕಡಿಮೆ ಮಾಡಿ, ತೇವದ ಊಟ ಹಾಕಿ. ಕಾಳು ಹಾಕಿದರೂ ನೀರು ಬೆರೆಸಿ ಕೊಡಿ. ನೀರಿನ ಬಟ್ಟಲು ಎರಡು ಮೂರು ಕಡೆ ಇಡಿ, ಊಟದ ತಟ್ಟೆಗೂ ಟ್ರೇಗೂ ದೂರದಲ್ಲಿ. ಡಾಕ್ಟರ್ ಮೂತ್ರದ ಪರೀಕ್ಷೆ ಮಾಡಿಸಿ ಯಾವ ಹರಳು ಅಂತ ಹೇಳುತ್ತಾರೆ, ಅದಕ್ಕೆ ತಕ್ಕ ಆಹಾರ ಬರೆದುಕೊಡುತ್ತಾರೆ. ಅದನ್ನು ಅವರು ಹೇಳುವ ತನಕ ಬದಲಾಯಿಸಬೇಡಿ. ದಿನಾ ಟ್ರೇಯಲ್ಲಿ ಎಷ್ಟು ಉಂಡೆ ಒದ್ದೆ ಮರಳು ಸಿಗುತ್ತದೆ ಅಂತ ಎಣಿಸಿಟ್ಟುಕೊಳ್ಳಿ. ಕಡಿಮೆಯಾದರೆ ಅಂದೇ ಫೋನ್ ಮಾಡಿ.